ಅಂಚಿನಿಂದ ಒಂದು ತುಂಡು

ಮಾರ್ಚ್ 4, ಸೋಮವಾರ

ಭಾನುವಾರದ ಕಲ್ಚರ್ ಪ್ಲೇಟುಗಳೂ ಸೇರಿ ಎರಡು ಟ್ರೇ. ಯಾವುದರಲ್ಲಿ ಏನು ಬೆಳೆದಿದೆ ಎಂದು ಓದಿ ಮುಗಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಕಾಫಿ ತಣ್ಣಗಾಗಿ, ಬಿಸಿಯಾಗಿ, ಮತ್ತೆ ತಣ್ಣಗಾಗಿ ಕೊನೆಗೆ ಸಿಂಕಿಗೆ ಹೋಯಿತು.

ಸರ್ಜಿಕಲ್ ವಾರ್ಡಿನ ಟ್ಯಾಂಕರ್ ಡ್ರೈವರಮ್ಮನ ಕಾಲಿನಿಂದ ಮತ್ತೊಂದು ಸ್ವಾಬ್. ಇದು ಎಷ್ಟನೆಯದೋ. ಹತ್ತಿ ಸುತ್ತಿದ ಕಡ್ಡಿಯನ್ನು ಗಾಯದ ಮೇಲೆ ಒಮ್ಮೆ ಸವರಿ ಕಳಿಸಿದರೆ ವಾರ್ಡಿನವರ ಕೆಲಸ ಮುಗಿಯಿತು. ಬೆಳೆದದ್ದು ಹಳೆಯ ಬ್ಯಾಕ್ಟೀರಿಯಾಗಳೇ. ಈಗ ಕೊಡುತ್ತಿರುವ ಔಷಧಕ್ಕೆ ಬಗ್ಗುವಂಥವು. ಆದರೂ ಗಾಯ ಕೆಡುತ್ತಲೇ ಇದೆ. ಅಂದರೆ ನಾವು ಹಿಡಿದಿರುವುದು ಕಳ್ಳನನ್ನಲ್ಲ, ದಾರಿಹೋಕರನ್ನು.

ಕೇಸ್ ಶೀಟ್ ಓದಿಸಿಕೊಂಡೆ. ನೀರಿನ ಟ್ಯಾಂಕರ್ ರಸ್ತೆ ಬದಿಯ ಹಳ್ಳಕ್ಕೆ ಮಗುಚಿದೆ. ಎಡಗಾಲು ಬಾಗಿಲಿಗೆ ಸಿಕ್ಕಿ ಕೆಸರಿನೊಳಗೆ. ಕ್ರೇನ್ ಬರುವವರೆಗೆ ಹಾಗೇ ಇದ್ದಳಂತೆ. ಗಾಯದೊಳಗೆ ಮಣ್ಣು, ಹುಲ್ಲು, ಎಲ್ಲ.

ಮಣ್ಣು ಅಂದ ಕೂಡಲೇ ತಲೆಯಲ್ಲಿ ಬಲ್ಬ್ ಹತ್ತಿತು.

ಫೋನ್ ಮಾಡಿದೆ. ಆರ್ಥೋ ಸರ್ಜನ್ — ನಮ್ಮ ಲ್ಯಾಬಿನಲ್ಲಿ ಇವರಿಗೆ ‘ಸುತ್ತಿಗೆ’ ಎಂದು ಹೆಸರು, ಅವರಿಗೂ ಗೊತ್ತು.

“ಸರ್, ಸ್ವಾಬ್ ಸಾಕು. ಟಿಶ್ಯೂ ಬೇಕು. ಗಾಯದ ಅಂಚಿನಿಂದ, ಸತ್ತಿರೋ ಮಾಂಸ ಬದುಕಿರೋದನ್ನ ಮುಟ್ಟೋ ಜಾಗದಿಂದ ಒಂದು ತುಂಡು. ಫಂಗಸ್ ನೋಡ್ಬೇಕು.”

“ಫಂಗಸ್ಸಾ? ಮೇಡಂ, ಆಯಮ್ಮಂಗೆ ಶುಗರ್ ಇಲ್ಲ, ಬಿಪಿ ಇಲ್ಲ. ಗಟ್ಟಿಮುಟ್ಟಾಗಿದಾರೆ. ಫಂಗಸ್ ಯಾಕೆ ಬರುತ್ತೆ?”

“ಬರೋದಕ್ಕೆ ಅದು ನಿಮ್ಮ ಪರ್ಮಿಷನ್ ಕೇಳಲ್ಲ ಸರ್.”

ನಕ್ಕರು. ಕಳಿಸುತ್ತೇನೆ ಎಂದರು.

ಮಾರ್ಚ್ 5, ಮಂಗಳವಾರ

ಕಳಿಸಿದರು. ಫಾರ್ಮಲಿನ್‌ನಲ್ಲಿ ಅದ್ದಿ!

ಫಾರ್ಮಲಿನ್ ಅಂದರೆ ವಿಷ. ಅದರಲ್ಲಿ ಬಿದ್ದ ಮೇಲೆ ಮಾಂಸವೂ ಸತ್ತಿತು, ಅದರೊಳಗಿದ್ದ ಬೂಷ್ಟೂ ಸತ್ತಿತು. ಪೆಥಾಲಜಿಯವರಿಗೆ ಅದು ಬೇಕು, ನನಗೆ ಜೀವಂತ ಬೇಕು. ಬೀಜ ಹುರಿದು ಕೊಟ್ಟು ಬಿತ್ತನೆ ಮಾಡು ಅಂದ ಹಾಗೆ. ಬಾಟಲಿಯನ್ನು ಪೆಥಾಲಜಿಗೆ ದಾಟಿಸಿ, ಸಲೈನ್ ಹಾಕಿದ ಬೇರೆ ಬಾಟಲಿ ಹಿಡಿದು ನಾನೇ ಮೇಲೆ ಹತ್ತಿದೆ. ಲ್ಯಾಬಿನವರು ವಾರ್ಡಿಗೆ ಕಾಲಿಡುವುದು ಅಪರೂಪ. ನಮಗೆ ರೋಗಿ ಅಂದರೆ ಬಾಟಲಿ ಮೇಲಿನ ನಂಬರು.

ಮೂಲೆಯ ಹಾಸಿಗೆ. ಅಗಲ ಭುಜ, ಬಿಸಿಲಿಗೆ ಕಂದಿದ ಬಲತೋಳು — ಕಿಟಕಿಯ ಮೇಲೆ ಇಟ್ಟು ಓಡಿಸುವವರ ತೋಳು. ಜ್ವರದಲ್ಲೂ ಕಣ್ಣು ಚುರುಕು. ಪಕ್ಕದ ಸ್ಟೂಲಿನಲ್ಲಿ ಅವಳ ಅತ್ತೆ, ಕಾವಲಿಗೆ ಕೂತ ಹಾಗೆ.

“ನೀವ್ಯಾರು? ಹೊಸಬ್ರಾ?” ಅತ್ತೆ ಕೇಳಿದರು.

“ಲ್ಯಾಬ್ ಡಾಕ್ಟ್ರು.”

“ಓ, ಕಡ್ಡಿ ಕಡ್ಡಿ ಕಳಿಸ್ತಾರಲ್ಲ, ಅದನ್ನ ಇಟ್ಕೊಂಡು ಏನ್ ಮಾಡ್ತಾರೆ ಅಂತ ಕೇಳ್ಬೇಕು ಅಂತಿದ್ದೆ.”

ಸೊಸೆ ನಕ್ಕಳು. ನಾನೂ. ನ್ಯಾಯವಾದ ಪ್ರಶ್ನೆಯೇ.

ಡ್ರೆಸ್ಸಿಂಗ್ ಬಿಚ್ಚಿಸಿದರು. ಪಾದದ ಮೇಲೆ, ಹಿಮ್ಮಡಿಯ ಸುತ್ತ ಕಪ್ಪು. ಇದ್ದಿಲಿನ ಕಪ್ಪು. ಅಂಚಿನಲ್ಲಿ ಬೂದು, ಆಮೇಲೆ ಕೆಂಪು. ಒಂದು ಕಡೆ ಮಸುಕು ಬಿಳಿ ಎಳೆ, ಹತ್ತಿಯ ಹಾಗೆ. ನರ್ಸ್ ಅದನ್ನು ಡ್ರೆಸ್ಸಿಂಗಿನ ಗಾಜ್ ಬಟ್ಟೆಯ ಚೂರು ಎಂದುಕೊಂಡು ತೆಗೆಯಲು ಹೋದಳು. ಕೈ ಹಿಡಿದೆ. ಅದು ಬಟ್ಟೆಯಲ್ಲ.

ಸುತ್ತಿಗೆ ಬಂದರು. ನಾನು ತೋರಿಸಿದ ಜಾಗದಿಂದಲೇ ಕತ್ತರಿಸಿ ಕೊಟ್ಟರು. ರಕ್ತ ಬಂದದ್ದು ತೀರ ಕಡಿಮೆ. ಅದು ಒಳ್ಳೆಯ ಲಕ್ಷಣವಲ್ಲ. ಈ ಜಾತಿಯ ಬೂಷ್ಟು ರಕ್ತನಾಳದ ಒಳಗೇ ಬೆಳೆದು ಅದನ್ನು ಮುಚ್ಚಿಬಿಡುತ್ತದೆ. ರಕ್ತ ಹರಿಯದ ಮಾಂಸ ಸಾಯುತ್ತದೆ, ಸತ್ತದ್ದನ್ನು ತಿಂದು ಅದು ಮುಂದೆ ಹೋಗುತ್ತದೆ. ಔಷಧ ಹೋಗಬೇಕಾದದ್ದೂ ಅದೇ ರಕ್ತನಾಳದಲ್ಲಿ.

ಮಧ್ಯಾಹ್ನ 2.20 — ತುಂಡನ್ನು ಅರೆಯಲಿಲ್ಲ. ಅರೆದರೆ ಇದರ ಎಳೆಗಳು ಒಡೆದು ಸಾಯುತ್ತವೆ. ಬ್ಲೇಡಿನಿಂದ ಸಣ್ಣಗೆ ಹೆಚ್ಚಿದೆ. ಒಂದು ಚೂರು ಸ್ಲೈಡಿನ ಮೇಲೆ, ಅದರ ಮೇಲೆ ಪೊಟ್ಯಾಷ್ ಹನಿ. ಪೊಟ್ಯಾಷ್ ಮಾಂಸವನ್ನು ಕರಗಿಸುತ್ತದೆ, ಬೂಷ್ಟನ್ನು ಕರಗಿಸಲಾರದು. ಸ್ವಲ್ಪ ಹೊತ್ತು ಬಿಟ್ಟು ನೋಡಿದೆ.

ಅಗಲ ರಿಬ್ಬನ್ನುಗಳು. ಒಳಗೆ ಅಡ್ಡಗೋಡೆಗಳಿಲ್ಲ. ಕೊಂಬೆ ಒಡೆಯುವಲ್ಲಿ ನೇರ ಲಂಬ. ಸುಕ್ಕುಗಟ್ಟಿ, ಮಡಚಿ, ಸ್ಲೈಡಿನ ತುಂಬ. ಹುಡುಕುವ ಕಷ್ಟವನ್ನೂ ಕೊಡಲಿಲ್ಲ.

ಮ್ಯೂಕರ್ ಗುಂಪಿನದು, ಜನ ಕಪ್ಪು ಫಂಗಸ್ ಎನ್ನುತ್ತಾರಲ್ಲ, ಅದು. ಅನುಮಾನವೇ ಇಲ್ಲ.

ಫೋನಿನಲ್ಲಿ ಹೇಳಿದರೆ ಮತ್ತೆ ಶುಗರ್ ಕಥೆ ಶುರುವಾಗುತ್ತದೆ. ಓಪಿಡಿಗೆ ಹೋಗಿ, ರೋಗಿಗಳ ಮುಂದೆಯೇ, “ಐದು ನಿಮಿಷ ಬನ್ನಿ ಸರ್” ಎಂದು ಕರೆದುಕೊಂಡು ಬಂದೆ. ಕಣ್ಣಿಟ್ಟರು. ಸ್ಲೈಡನ್ನು ಅತ್ತಿತ್ತ ಸರಿಸಿ ನೋಡಿದರು.

“ಇದು ಹೊರಗಿಂದ ಬಂದು ಬಿದ್ದಿದ್ದೂ ಆಗಿರಬಹುದಲ್ಲ ಮೇಡಂ? ಗಾಳೀಲಿ ಇರುತ್ತೆ ಅಂತಾರೆ.”

“ಗಾಳೀಲಿ ಬರೋದು ಬೀಜ. ಇಲ್ಲಿರೋದು ಬೇರು. ಮಾಂಸದೊಳಗೆ ಇಳಿದಿದೆ, ನೋಡಿ.”

“...ಸಕ್ಕರೆ ಇಲ್ದೇನೂ ಬರುತ್ತಾ?”

“ಮಣ್ಣು ಆಳಕ್ಕೆ ಹೋದ್ರೆ ಆರೋಗ್ಯವಂತರಿಗೂ ಬರೋ ಜಾತಿ ಒಂದಿದೆ. ಅದೇ ಇರ್ಬೇಕು. ಹೆಸರು ಆಮೇಲೆ ಹೇಳ್ತೀನಿ. ಔಷಧ ಈಗ ಶುರು ಮಾಡಿ.”

ಸಂಜೆಯೇ ಆಂಫೊಟೆರಿಸಿನ್ ಹನಿ ಶುರುವಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ — ಹೋಗುವಾಗ ಸುತ್ತಿಗೆ, “ನಂಗೂ ನಿನ್ನೆಯಿಂದ ಒಂದು ಡೌಟ್ ಇತ್ತು” ಎಂದರು. ಇರಲಿ ಬಿಡಿ.

ಮಾರ್ಚ್ 6, ಬುಧವಾರ

ನಿನ್ನೆ ಪ್ಲೇಟಿನಲ್ಲಿ ಬಿತ್ತಿದ್ದು ಮುಚ್ಚಳ ಮುಟ್ಟುವಷ್ಟು ಬೆಳೆದುಬಿಟ್ಟಿದೆ! ಒಂದೇ ರಾತ್ರಿಯಲ್ಲಿ. ಬಿಳಿ ಉಣ್ಣೆ. ಪ್ಲೇಟಿಗೆ ಟೇಪ್ ಸುತ್ತಿ ಇಟ್ಟೆ.

ಬೆಳಿಗ್ಗೆ ಅವಳನ್ನು ಓಟಿಗೆ ಒಯ್ದು ಕಪ್ಪಾದದ್ದನ್ನೆಲ್ಲ ಕೆತ್ತಿದ್ದಾರೆ. ಪಾದ ಉಳಿಯುವುದಿಲ್ಲ ಎಂದರು. ಮೂಳೆಯ ಮೇಲೆ ಮುಚ್ಚಲು ಚರ್ಮವೇ ಉಳಿದಿಲ್ಲ.

ಮನೆಗೆ ಬಂದೆ. ಇವರು ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದರು. ಗಣಿತದ ಮೇಷ್ಟ್ರು, ಕೈಯಲ್ಲಿ ಕೆಂಪು ಪೆನ್ನು.

“ಮುಖ ನೋಡಿದ್ರೆ ಗೆದ್ದ ಹಾಗೂ ಇದೆ, ಸೋತ ಹಾಗೂ ಇದೆ.”

“ಗೆದ್ದಿದ್ದು ನಾನು. ಸೋತಿದ್ದು ಅವಳ ಪಾದ.”

ಪೆನ್ನು ಕೆಳಗಿಟ್ಟರು. ಎದ್ದು ಹೋಗಿ ಊಟಕ್ಕೆ ತಟ್ಟೆ ಹಾಕಿದರು. ಅದೊಂದು ಒಳ್ಳೆಯ ಗುಣ ಇವರದು.

ಮಾರ್ಚ್ 8, ಶುಕ್ರವಾರ

ಕಪ್ಪು ಮತ್ತೆ ಮೇಲೆ ಬಂದಿದೆ. ಮೀನಖಂಡದ ಕಡೆಗೆ.

ಸುತ್ತಿಗೆ ಲ್ಯಾಬಿಗೇ ಬಂದರು. ಕೂರಲಿಲ್ಲ. “ನಾಳೆ ಮಂಡಿ ಮೇಲಿಂದ ತೆಗೀತೀನಿ ಮೇಡಂ. ಕೆಳಗೆ ಎಲ್ಲಿವರೆಗೆ ಹೋಗಿದೆ ಅಂತ ಕಣ್ಣಿಗೆ ಕಾಣ್ತಿಲ್ಲ. ರಿಸ್ಕ್ ಬೇಡ.”

“ನಿಮ್ಮ ಕಣ್ಣಿಗೆ ಕಾಣಲ್ಲ. ನನ್ನ ಕಣ್ಣಿಗೆ ಕಾಣುತ್ತಲ್ಲ.”

“ಅಂದ್ರೆ?”

“ಮೈಕ್ರೋಸ್ಕೋಪ್ ಓಟಿ ಪಕ್ಕದ ರೂಮಿಗೆ ತರ್ತೀನಿ. ನೀವು ಮಂಡಿ ಕೆಳಗೆ ಕತ್ತರಿಸಿ. ಅಂಚಿಂದ ಚೂರು ಚೂರು ಕೊಡಿ. ಇದೆಯಾ ಇಲ್ವಾ ಅಲ್ಲೇ ಹೇಳ್ತೀನಿ. ಇದ್ರೆ ಇನ್ನಷ್ಟು ಮೇಲೆ ಹೋಗಿ. ಇಲ್ದಿದ್ರೆ ಮಂಡಿ ಉಳೀತು.”

“ಇದು ಪೆಥಾಲಜಿಯವರು ಮಾಡೋ ಕೆಲಸ ಅಲ್ವಾ?”

“ತುಂಡನ್ನ ಹೆಪ್ಪುಗಟ್ಟಿಸಿ ಆಗಲೇ ಕೊಯ್ದು ನೋಡೋ ಅವರ ಮೆಷಿನ್ ಕೆಟ್ಟು ಕೂತಿದೆ. ನಂದು ನಡೀತಿದೆ.”

ಯೋಚಿಸಿದರು. “ತಪ್ಪಿದ್ರೆ?”

“ತಪ್ಪಲ್ಲ.”

ಹೇಳಿಬಿಟ್ಟೆ. ಉಬ್ಬಿ ಹೇಳಿದ್ದಲ್ಲ. ಈ ರಿಬ್ಬನ್ನು ನನಗೆ ಗೊತ್ತು. ಹದಿನೇಳು ವರ್ಷ ಇದೇ ಬೆಂಚಿನಲ್ಲಿ ಕೂತು ನೋಡಿದ್ದೇನೆ.

ಒಪ್ಪಿಗೆ ಕೊಡಬೇಕಾದವಳು ಅವಳು. ಇಬ್ಬರೂ ಮೇಲೆ ಹೋದೆವು. ಅವಳ ಗಂಡನೂ ಇದ್ದ. ದರ್ಜಿ, ಕತ್ತಿನ ಸುತ್ತ ಅಳತೆ ಟೇಪು ಹಾಗೇ ಇತ್ತು, ಅಂಗಡಿಯಿಂದ ಎದ್ದು ಬಂದಿದ್ದ. ಸುತ್ತಿಗೆ ಎರಡೂ ದಾರಿ ಬಿಡಿಸಿ ಹೇಳಿದರು. ಮಂಡಿ ಮೇಲೆ ತೆಗೆದರೆ ಹೆಚ್ಚು ಖಾತ್ರಿ. ಕೆಳಗೆ ತೆಗೆದರೆ ಮಂಡಿ ಉಳಿಯುತ್ತದೆ, ಆದರೆ ಬೂಷ್ಟು ಒಳಗೆ ಉಳಿದಿದ್ದರೆ ಜೀವಕ್ಕೇ ಬರುತ್ತದೆ.

“ಮಂಡಿ ಇದ್ರೆ ಕ್ಲಚ್ ತುಳೀಬಹುದಾ ಸಾರ್?” ಅದೇ ಅವಳ ಮೊದಲ ಪ್ರಶ್ನೆ.

“ಕೃತಕ ಪಾದ ಹಾಕ್ಕೊಂಡು... ಪ್ರಾಕ್ಟೀಸ್ ಮಾಡಿದ್ರೆ ಆಗಬಹುದು. ಮಂಡಿ ಇಲ್ದಿದ್ರೆ ಕಷ್ಟ.”

ಅತ್ತೆಗೆ ತಡೆಯಲಾಗಲಿಲ್ಲ. “ಕ್ಲಚ್ಚಂತೆ ಕ್ಲಚ್ಚು! ಮೊದ್ಲು ಜೀವ ಉಳಿಸ್ಕೊಳೇ. ಜೀವ ಇದ್ರೆ ಬೇಡಿಯಾದ್ರೂ ತಿನ್ಬಹುದು.”

“ಬೇಡೋದು ನಂಗೆ ಬರಲ್ಲ ಅತ್ತೆ. ನಿಮಗೆ ಬರುತ್ತಾ?”

ಅವಳು ನನ್ನ ಕಡೆ ತಿರುಗಿದಳು. ಸರ್ಜನ್ ಕಡೆ ಅಲ್ಲ.

“ನೋಡಿ ಹೇಳೋರು ನೀವೇನಾ ಮೇಡಂ?”

“ನಾನೇ.”

“ಗೊತ್ತಾಗುತ್ತಾ ನಿಮಗೆ?”

“ಗೊತ್ತಾಗುತ್ತೆ. ಅನುಮಾನ ಬಂದ್ರೆ ಅನುಮಾನ ಅಂತಾನೇ ಹೇಳ್ತೀನಿ. ಆಗ ಅವರು ಮೇಲಕ್ಕೆ ಹೋಗ್ತಾರೆ. ನಿಮ್ಮ ಜೀವದ ಮೇಲೆ ಜೂಜು ಆಡಲ್ಲ.”

ಗಂಡನನ್ನು ನೋಡಿದಳು. ಅವನು ಟೇಪಿನ ತುದಿ ಬೆರಳಿಗೆ ಸುತ್ತುತ್ತಿದ್ದ. “ನಿನ್ನ ಕಾಲು, ನೀನೇ ಹೇಳು,” ಎಂದ.

“ಮಂಡಿ ಕೆಳಗೆ,” ಎಂದಳು.

ಮಾರ್ಚ್ 9, ಶನಿವಾರ

ಇದನ್ನು ಇವತ್ತೇ ಬರೆದಿಡಬೇಕು.

ಓಟಿ ಪಕ್ಕದ ಸ್ಟೋರ್ ರೂಮು. ಸ್ಟೀಲ್ ಟೇಬಲ್ಲಿನ ಮೇಲೆ ಮೈಕ್ರೋಸ್ಕೋಪು. ಪ್ರತಿದೀಪ್ತ ಬೆಳಕಿನದು, ಕಿಟಕಿಗೆ ಹಸಿರು ಬಟ್ಟೆ ಕಟ್ಟಿ ಕತ್ತಲು ಮಾಡಿದೆವು. ಬಣ್ಣ ಹಾಕಿದರೆ ಬೂಷ್ಟಿನ ಗೋಡೆ ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಸ್ಲೈಡ್ ಮಾಡಲು ನಮ್ಮ ಟೆಕ್ನೀಷಿಯನ್. ಮಾತು ಕಡಿಮೆ, ಕೈ ಬೆಣ್ಣೆ.

ಮೊದಲ ತುಂಡು, ಮೀನಖಂಡದ ನಡುವಿನಿಂದ. ಕಣ್ಣಿಟ್ಟ ಕೂಡಲೇ ಕಂಡಿತು. ಬಾಗಿಲಿಗೆ ಹೋಗಿ ಕೂಗಿದೆ: “ಇದೆ.”

ಎರಡನೆಯದು, ಇನ್ನಷ್ಟು ಮೇಲಿನಿಂದ. ಇಡೀ ಸ್ಲೈಡು ಹುಡುಕಿದೆ. ಒಂದು ರಕ್ತನಾಳದ ಹತ್ತಿರ ಒಂದೇ ಒಂದು ತುಂಡು ರಿಬ್ಬನ್. “ಇದೆ. ಕಡಿಮೆ, ಆದ್ರೆ ಇದೆ.”

ಒಳಗಿನಿಂದ ಸುತ್ತಿಗೆ: “ಮೇಡಂ, ಇನ್ನೊಂದೇ ಲೆವೆಲ್ ಇರೋದು. ಅದಾದ ಮೇಲೆ ಮಂಡೀನೇ.”

ಮೂರನೆಯದು ಬಂತು. ನಾಲ್ಕು ಕಡೆಯಿಂದ ನಾಲ್ಕು ಚೂರು. ಮೊದಲ ಚೂರು ಸ್ವಚ್ಛ. ಎರಡನೆಯದು ಸ್ವಚ್ಛ. ಮೂರನೆಯದು ಸ್ವಚ್ಛ. ನಾಲ್ಕನೆಯದರಲ್ಲಿ —

ಹೊಳೆಯಿತು. ನೀಲಿ. ಉದ್ದ ಎಳೆ.

ಟೆಕ್ನೀಷಿಯನ್ ಇನ್ನೊಂದು ಕಣ್ಣುಗೊಳವೆಯಲ್ಲಿ ನೋಡಿ ಉಸಿರು ಬಿಟ್ಟರು. ಬಾಗಿಲಲ್ಲಿ ನರ್ಸ್. “ಮೇಡಂ, ಸರ್ ಕೇಳ್ತಿದಾರೆ. ಹೌದಾ, ಇಲ್ವಾ?”

“ನಿಲ್ಲಿ ಅನ್ನಿ.”

“ಪೇಷಂಟ್ ಬಿಪಿ ಇಳೀತಿದೆಯಂತೆ...”

“ನಿಲ್ಲಿ.”

ನೋಡಿದೆ. ಅವಸರ ಮಾಡಲಿಲ್ಲ. ಎಳೆ ಹಗ್ಗದ ಹಾಗೆ ತನ್ನ ಸುತ್ತ ತಾನೇ ತಿರುಚಿಕೊಂಡಿದೆ. ಕೊಂಬೆ ಇಲ್ಲ. ತುದಿ ಚಿಂದಿಯಾಗಿದೆ. ಫೋಕಸ್ ಚಕ್ರ ತಿರುಗಿಸಿದೆ: ಮಾಂಸ ಸ್ಪಷ್ಟವಾದಾಗ ಎಳೆ ಮಸುಕು, ಎಳೆ ಸ್ಪಷ್ಟವಾದಾಗ ಮಾಂಸ ಮಸುಕು. ಅಂದರೆ ಅದು ಮಾಂಸದೊಳಗಿಲ್ಲ. ಮೇಲೆ ಕೂತಿದೆ. ಹತ್ತಿಯೂ ಈ ಬಣ್ಣಕ್ಕೆ ನೀಲಿಯಾಗಿಯೇ ಹೊಳೆಯುತ್ತದೆ. ಗಾಜ್ ಬಟ್ಟೆಯಿಂದ ಒರೆಸಿದ ಜಾಗದಿಂದ ತೆಗೆದಿದ್ದಾರೆ.

ಗಾಜ್ ಬಟ್ಟೆಯ ನೂಲು. ಅಷ್ಟೇ.

ನನಗೆ ಖಾತ್ರಿಯಿತ್ತು. ಆದರೂ ನಿನ್ನೆ ಅವಳಿಗೆ ಕೊಟ್ಟ ಮಾತು ಇತ್ತು. ಬಾಗಿಲಿಗೆ ಹೋದೆ. “ಸರ್, ಮೂರು ಕಡೆ ಸ್ವಚ್ಛ. ಒಳಗಡೆ ಅಂಚಲ್ಲಿ ಹತ್ತಿ ನೂಲು ಬಿದ್ದಿದೆ. ಅದೇ ಜಾಗದಿಂದ ಇನ್ನೊಂದು ಚೂರು ಕೊಡಿ. ಒರೆಸಬೇಡಿ, ಸಲೈನಲ್ಲಿ ತೊಳೆದು ಕೊಡಿ.”

“ನೂಲೇ ಅಂತೀರಾ?”

“ನೂಲೇ.”

“ನಂಗಿಲ್ಲಿ ಟೈಮಿಲ್ಲ ಮೇಡಂ!”

“ಒಂದು ಸ್ಲೈಡಿನ ಟೈಮ್. ಅವಳ ಮಂಡಿಗೆ.”

ಮಾಸ್ಕಿನ ಮೇಲಿನ ಕಣ್ಣು ನನ್ನನ್ನು ಒಂದು ಕ್ಷಣ ಅಳೆಯಿತು. ಆಮೇಲೆ ಬಗ್ಗಿ ಕತ್ತರಿಸಿದರು.

ಹೊಸ ಚೂರು. ಕತ್ತಲು. ಅಂಚಿನಿಂದ ಅಂಚಿಗೆ ಕತ್ತಲು. ಸಾಲು ಸಾಲಾಗಿ ಮೇಲಿನಿಂದ ಕೆಳಗೆ ನೋಡಿದೆ, ಉತ್ತ ಹೊಲದಲ್ಲಿ ಕಳೆ ಹುಡುಕುವ ಹಾಗೆ. ಏನೂ ಇಲ್ಲ. ಇಷ್ಟು ಚೆಂದದ ಕತ್ತಲನ್ನು ನಾನು ನೋಡಿರಲಿಲ್ಲ.

“ಇಲ್ಲ. ಮುಚ್ಚಿ.”

“ಖಂಡಿತ?”

“ಖಂಡಿತ.”

ಮಂಡಿ ಉಳಿಯಿತು.

ಹೊರಗೆ ಬಂದಾಗ ಬೆಂಚಿನ ಮೇಲೆ ಅತ್ತೆ. ನನ್ನ ಮುಖ ನೋಡಿಯೇ ಎದ್ದು ನಿಂತರು. “ಉಳೀತಾ?” ಹೂಂ ಎಂದೆ. ಗೋಡೆ ಹಿಡಿದು ಮತ್ತೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು ಎಂದರು: “ನಮ್ಮನೇಲಿ ಎಲ್ಲರ ಅನ್ನಾನೂ ಕಾಲಲ್ಲೇ ಡಾಕ್ಟ್ರಮ್ಮ. ಅವನು ಮೆಷಿನ್ ತುಳೀತಾನೆ, ಇವಳು ಲಾರಿ ತುಳೀತಾಳೆ. ನಾನೊಬ್ಳೇ ಬಾಯಲ್ಲಿ ಬದುಕಿರೋದು.”

ಮನೆಗೆ ಬಂದು ಎರಡು ತಟ್ಟೆ ಊಟ ಮಾಡಿದೆ. ಇವರು ಲೆಕ್ಕ ಹಾಕುತ್ತಿದ್ದರು, ನಾನು ಕೇರ್ ಮಾಡಲಿಲ್ಲ.

ಮಾರ್ಚ್ 11, ಸೋಮವಾರ

ಜ್ವರ ಇಳಿದಿಲ್ಲ. ಕಿಡ್ನಿ ರಿಪೋರ್ಟ್ ಸ್ವಲ್ಪ ಏರಿದೆ, ಔಷಧದ ಕಾಟ. ಡೋಸ್ ಬದಲಾಯಿಸಿ ನೋಡುತ್ತಿದ್ದಾರೆ.

ಇವತ್ತು ಪ್ಲೇಟ್ ಓದುವಾಗ ಎರಡು ಸಲ ಸ್ಟೋರ್ ರೂಮಿನ ಆ ನೂಲು ಕಣ್ಣ ಮುಂದೆ ಬಂತು. ನೂಲೇ. ನೂಲೇ ತಾನೇ.

ಮಾರ್ಚ್ 14, ಗುರುವಾರ

ಪೆಥಾಲಜಿಯ ರಿಪೋರ್ಟ್ ಬಂತು. ಅಂಚುಗಳನ್ನು ಪದರ ಪದರವಾಗಿ ಕೊಯ್ದು ನೋಡಿದ್ದಾರೆ. ನಾಲ್ಕೂ ಕಡೆ ಸ್ವಚ್ಛ.

ಜ್ವರವೂ ಬಿಟ್ಟಿದೆ. ಗಾಯದ ತುದಿ ಕೆಂಪಗೆ, ಹಸಿ ಹಸಿ, ರಕ್ತ ಜಿನುಗುವ ಮಾಂಸ. ಸುತ್ತಿಗೆಯೇ ಫೋನ್ ಮಾಡಿದರು. “ಮೇಡಂ, ನೂಲೇ.”

“ಹೇಳಿದ್ನಲ್ಲ.”

ಫೋನಿಟ್ಟ ಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಸ್ವಲ್ಪ ಹೊತ್ತು ನಿಂತೆ. ಅಷ್ಟೇ. ಆಮೇಲೆ ಮುಖ ತೊಳೆದು ಬಂದೆ.

ಮಾರ್ಚ್ 20, ಬುಧವಾರ

ಬೂಷ್ಟಿನ ಹೆಸರು ಇನ್ನೂ ಸಿಕ್ಕಿರಲಿಲ್ಲ. ಪ್ಲೇಟಿನ ಮೇಲೆ ಉಣ್ಣೆ ಉಣ್ಣೆಯಾಗಿ ಬೆಳೆಯುತ್ತದೆ, ಬೀಜ ಬಿಡುವುದಿಲ್ಲ. ಬೀಜದ ತೊಟ್ಟಿಲು ನೋಡದೆ ಇದು ಯಾವ ಜಾತಿ ಎಂದು ಹೇಳಲಾಗದು. ಹೊಟ್ಟೆ ತುಂಬಿದವನಿಗೆ ಸಂಸಾರದ ಚಿಂತೆ ಎಲ್ಲಿ? ಅದಕ್ಕೇ ಕಳೆದ ವಾರ ಒಂದು ಚೂರು ಕತ್ತರಿಸಿ ಬರೀ ನೀರಿಗೆ ಹಾಕಿ ಉಪವಾಸ ಕೆಡವಿದ್ದೆ.

ಇವತ್ತು ಬಾಯಿ ಬಿಟ್ಟ. ನೀಳ ಕಾಂಡ, ಅದರ ತುದಿಯಲ್ಲಿ ಆಲಿಕೆಯಂಥ ಕತ್ತು, ಮೇಲೆ ಪುಟ್ಟ ದುಂಡು ಚೀಲ. ಅಪೋಫೈಸೊಮೈಸಿಸ್. ಮಣ್ಣಿನವನು. ಗಾಯದ ಮೂಲಕ ಗಟ್ಟಿಮುಟ್ಟಾದವರನ್ನೂ ಹಿಡಿಯುವವನು. ಅಂದುಕೊಂಡದ್ದೇ.

ರಿಪೋರ್ಟ್ ಬರೆದು ಸಹಿ ಹಾಕಿದೆ. ಒಂದು ಸ್ಲೈಡ್ ಕಾಯಂ ಆಗಿ ಸೀಲ್ ಮಾಡಿಟ್ಟೆ.

ಏಪ್ರಿಲ್ 3, ಬುಧವಾರ

ಡ್ರೈವರಮ್ಮ ಡಿಸ್ಚಾರ್ಜ್. ಮಾತ್ರೆ ಇನ್ನೂ ತಿಂಗಳುಗಟ್ಟಲೆ. ವಾಕರ್ ಹಿಡಿದು ಕಾರಿಡಾರಿನಲ್ಲಿ ಹೋಗುತ್ತಿದ್ದಳಂತೆ, ಅತ್ತೆ ಹಿಂದಿನಿಂದ “ಸೈಡ್ ಕೊಡ್ರಪ್ಪಾ, ಸೈಡ್” ಎಂದು ದಾರಿ ಬಿಡಿಸುತ್ತಿದ್ದರಂತೆ. ನನಗೆ ನೋಡಲು ಸಿಗಲಿಲ್ಲ. ಪ್ಲೇಟ್ ಓದುತ್ತಿದ್ದೆ.

ಮೇ 6, ಸೋಮವಾರ

ಸುತ್ತಿಗೆಯ ವಾರ್ಡಿನಿಂದ ಇನ್ನೊಬ್ಬ. ಗದ್ದೆಯಲ್ಲಿ ಟ್ರಾಕ್ಟರ್ ಅಡಿಗೆ ಸಿಕ್ಕವನು. ಅಡ್ಮಿಟ್ ಆದ ದಿನವೇ ಸಲೈನ್‌ನಲ್ಲಿ ಟಿಶ್ಯೂ ಬಂತು, ಸರಿಯಾದ ಜಾಗದಿಂದ. ಬರೀ ಬ್ಯಾಕ್ಟೀರಿಯಾ. ಫಂಗಸ್ ಇಲ್ಲ. ಇಲ್ಲ ಎಂದು ಹೇಳುವುದೂ ಒಂದು ಸುಖ.

ಜೂನ್ 13, ಗುರುವಾರ

ಮಧ್ಯಾಹ್ನ ಲ್ಯಾಬ್ ಬಾಗಿಲಲ್ಲಿ ಯಾರೋ. ತಲೆ ಎತ್ತಿದೆ. ಡ್ರೈವರಮ್ಮ! ಎರಡು ಕಾಲ ಮೇಲೆ. ಒಂದು ಹೊಸದು, ಶೂ ಹಾಕಿದ್ದಾಳೆ. ನಡಿಗೆಯಲ್ಲಿ ಸಣ್ಣ ಎಳೆತ, ಅಷ್ಟೇ.

“ಗಾಡಿ?” ಅಂದೆ.

“ಖಾಲಿ ಮೈದಾನದಲ್ಲಿ ಓಡಿಸ್ತಿದೀನಿ ಮೇಡಂ. ಕ್ಲಚ್ ಬಿಡುವಾಗ ಇನ್ನೂ ಜರ್ಕ್ ಹೊಡೆಯುತ್ತೆ. ಮಾಲೀಕರು ಪಕ್ಕದಲ್ಲಿ ಕೂತು ದೇವರನ್ನ ನೆನೀತಿರ್ತಾರೆ. ಆಮೇಲೆ ಟೆಸ್ಟ್ ಇದೆ, ಪಾಸಾಗ್ಬೇಕು. ಆಗ್ತೀನಿ.”

ನನ್ನ ಹಾಗೇ ಮಾತಾಡುತ್ತಾಳೆ. ನಗು ಬಂತು.

ಸ್ಟೂಲ್ ಎಳೆದುಕೊಟ್ಟೆ. ಕೂತಳು, ಸುತ್ತ ನೋಡಿದಳು, ಆಮೇಲೆ ಕೇಳಿದಳು: “ನನ್ನ ಕಾಲು ತಿಂದೋನು ಇಲ್ಲೇ ಇದಾನಂತಲ್ಲ. ತೋರಿಸ್ತೀರಾ?”

ಸೀಲ್ ಮಾಡಿದ್ದ ಸ್ಲೈಡ್ ತೆಗೆದು ಇಟ್ಟೆ. ನೀಲಿ ಬಣ್ಣ ಕುಡಿದ ಕಾಂಡ, ಆಲಿಕೆ, ಚೀಲ. ಅವಳು ಒಂದು ಕಣ್ಣು ಮುಚ್ಚಿ ಬಗ್ಗಿದಳು.

“ಅಯ್ಯೋ... ಇಷ್ಟು ಚೆನ್ನಾಗಿದಾನಲ್ಲ ಮೇಡಂ! ಹೂವಿನ ಥರ.”

ಕಣ್ಣು ತೆಗೆಯದೆಯೇ ಕೇಳಿದಳು. ದನಿ ಬದಲಾಗಲಿಲ್ಲ.

“ಮೊದಲ್ನೇ ದಿನಾನೇ ಇವನನ್ನ ನೋಡಿದ್ರೆ ಪಾದ ಉಳೀತಿತ್ತಾ?”

ಟೆಕ್ನೀಷಿಯನ್ ಕೈಯಲ್ಲಿದ್ದ ಟ್ರೇ ಹಾಗೇ ನಿಂತಿತು. ಏನೇನೋ ಹೇಳಬಹುದಿತ್ತು. ಮೂಳೆ ಮೊದಲೇ ಜಜ್ಜಿತ್ತು ಎನ್ನಬಹುದಿತ್ತು, ಅದೂ ಸುಳ್ಳಲ್ಲ. ನನ್ನ ಬಳಿ ಯಾವಾಗಲೂ ಉತ್ತರ ಇರುತ್ತದೆ. ಇವಳಿಗೆ ಸರಿಯಾದ ಉತ್ತರವನ್ನೇ ಕೊಡಬೇಕು ಅನ್ನಿಸಿತು.

“ಉಳಿಯೋ ಸಾಧ್ಯತೆ ಇತ್ತು. ಖಾತ್ರಿ ಹೇಳಕ್ಕಾಗಲ್ಲ. ಆದ್ರೆ ಇತ್ತು.”

ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟು ಬರುತ್ತದೆ ಎಂದು ಕಾದೆ. ಬರಲಿ, ಬರಬೇಕಾದದ್ದೇ. ಕಣ್ಣು ತುಂಬಿತು, ಚೆಲ್ಲಲಿಲ್ಲ. ಹೊಸ ಪಾದದ ಮೇಲೆ ಪ್ಯಾಂಟಿನ ಅಂಚು ಸರಿಮಾಡಿಕೊಂಡಳು.

“ನೀವಾದ್ರೂ ಹೇಳಿದ್ರಿ,” ಎಂದಳು. “ಬೇರೆ ಯಾರನ್ನ ಕೇಳಿದ್ರೂ ಹಣೆಬರಹ ಅಂತಾರೆ.”

ಆಮೇಲೆ ಮತ್ತೆ ಬಗ್ಗಿದಳು. “ತಡೀರಿ, ಇನ್ನೊಂದ್ಸಲ ಸರಿಯಾಗಿ ನೋಡ್ತೀನಿ. ಮಸುಕಾಯ್ತು.” ಮಸುಕಾದದ್ದು ಕಣ್ಣೀರಿಗೆ, ಮೈಕ್ರೋಸ್ಕೋಪಿನಿಂದಲ್ಲ. ನಾನು ಹೇಳಲಿಲ್ಲ. ಅವಳ ಕೈ ಹಿಡಿದು ಫೋಕಸ್ ಚಕ್ರದ ಮೇಲೆ ಇಟ್ಟೆ. ದಪ್ಪ ಬೆರಳು, ಆದರೆ ಎಷ್ಟು ಹಗುರ ಮುಟ್ಟು! ಕೂದಲೆಳೆಯಷ್ಟು ತಿರುಗಿಸಿದಳು, ನಿಲ್ಲಿಸಿದಳು.

“ಸಿಕ್ಕ,” ಎಂದಳು. “ಈಗ ನೀವು ಹೇಳ್ತಾ ಹೋಗಿ ಮೇಡಂ. ಇದ್ಯಾವುದು, ಈ ಕತ್ತಿನ ಹಾಗಿರೋದು?”

ಹೇಳತೊಡಗಿದೆ. ಟೆಕ್ನೀಷಿಯನ್ ಟ್ರೇ ಇಟ್ಟು ಹತ್ತಿರ ಬಂದರು. ಅವಳು ಒಂದೊಂದಕ್ಕೂ ಹೂಂ, ಹೂಂ ಎನ್ನುತ್ತ ಚಕ್ರ ತಿರುಗಿಸುತ್ತಿದ್ದಳು.